ಭಾನುವಾರದ ಕೈ

"ಬುದ್ಧಿ, ಹಳೆಯದನ್ನು ಬಿಟ್ಟು ಹೊಸದನ್ನು ತರುವುದಕ್ಕೆ ಸರಿಯಾದ ಕಾಲ ಯಾವುದು?" ಎಂದು ಓಂಕಾರಯ್ಯ ಕೇಳಿದ.

ಓಂಕಾರಯ್ಯ ಮಠದ ಶಿಷ್ಯ. ಮಠಕ್ಕೆ ಸೇರಿದ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳ ಆಡಳಿತವೆಲ್ಲ ಅವನ ಕೈಯಲ್ಲಿತ್ತು. ಸ್ವಾಮಿಗಳು ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂತಿದ್ದರು.

"ಯಾವ ಹಳೆಯದು? ಪಂಚೆಯೋ, ಪಾಪವೋ? ಬಿಡಿಸಿ ಹೇಳಯ್ಯ. ನೀನು ವೇದಾಂತದ ಹಾಗೆ ಶುರು ಮಾಡಿದರೆ ನನಗೆ ದಿಗಿಲಾಗುತ್ತದೆ" ಎಂದರು.

"ವೈಫೈ, ಬುದ್ಧಿ. ನಮ್ಮಲ್ಲಿರುವುದು ಏಳು ವರ್ಷದ ಹಿಂದೆ ಹಾಕಿಸಿದ್ದು. ಈಗ ಅದರ ಹೊಸ ತಲೆಮಾರು ಬಂದಿದೆ. ಹಾಕಿಸೋಣವೆಂದರೆ, ಅದಕ್ಕೂ ಹೊಸದು ಇನ್ನೆರಡು ವರ್ಷದಲ್ಲಿ ಬರುತ್ತದೆ ಎನ್ನುತ್ತಾರೆ. ಈಗಲೇ ಹಾಕಿಸಿದರೆ ಅವಸರಪಟ್ಟಂತೆ, ಕಾದರೆ ಹಿಂದೆ ಬಿದ್ದಂತೆ. ತಮ್ಮ ಅಪ್ಪಣೆ ಆಗಬೇಕು."

"ನನ್ನ ಅಪ್ಪಣೆ ತೆಗೆದುಕೊಂಡು ಹೋಗುತ್ತೀಯ. ನಾಳೆ ಏನಾದರೂ ಎಡವಟ್ಟಾದರೆ ಬುದ್ಧಿಯವರೇ ಹೇಳಿದ್ದು ಎನ್ನುತ್ತೀಯ. ನಿನ್ನನ್ನು ನಾನು ಇಂದು ನಿನ್ನೆ ನೋಡಿದವನಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಓಂಕಾರಯ್ಯ ಕೂತ. ಸ್ವಾಮಿಗಳು ಹೇಳಿದರು.

ಒಂದು ಊರಿನಲ್ಲಿ ಕಿವಿ ಕೇಳದ ಮಕ್ಕಳ ವಸತಿ ಶಾಲೆ ಇತ್ತು. ಅದಕ್ಕೆ ಒಬ್ಬ ಮುಖ್ಯೋಪಾಧ್ಯಾಯ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕತೆ ಮುಗಿಯುವ ಹೊತ್ತಿಗೆ ನೀನು ಅವನನ್ನು ಕೆಟ್ಟವನನ್ನಾಗಿ ಮಾಡಿ, ನಿನ್ನ ಪಾಡಿಗೆ ನೀನು ಎದ್ದು ಹೋಗುತ್ತೀಯ. ಅವನು ಮಕ್ಕಳ ಸಾಲಿನಲ್ಲೇ ಊಟಕ್ಕೆ ಕೂರುತ್ತಿದ್ದ. ಅವರ ಕೈಮಾತನ್ನು ಕಲಿತಿದ್ದ. ಯಾವ ಮಗುವಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮಕ್ಕಳ ಊರುಗಳು ದೂರ. ದಸರೆಗೆ ಒಮ್ಮೆ, ಬೇಸಿಗೆಗೆ ಒಮ್ಮೆ ಮನೆಗೆ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ತಂದೆತಾಯಿಯ ಮುಖ ಕಾಣುತ್ತಿರಲಿಲ್ಲ. ಬೇರೆ ಮಕ್ಕಳಾದರೆ ಫೋನಿನಲ್ಲಿ ಅಮ್ಮನ ದನಿ ಕೇಳಿ ಸಮಾಧಾನ ಮಾಡಿಕೊಳ್ಳುತ್ತವೆ. ಈ ಮಕ್ಕಳು ದನಿ ಇಟ್ಟುಕೊಂಡು ಏನು ಮಾಡಬೇಕು? ಅವರ ಮಾತೆಲ್ಲ ಕೈಯಲ್ಲಿ, ಮುಖದಲ್ಲಿ. ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಅದಕ್ಕಾಗಿ ಮುಖ್ಯೋಪಾಧ್ಯಾಯ ಅವರಿವರ ಕೈಕಾಲು ಹಿಡಿದು ಶಾಲೆಯ ಹಾಲಿನಲ್ಲಿ ವೈಫೈ ಹಾಕಿಸಿದ. ಗೋಡೆಯ ಮೇಲೆ ಒಂದು ಬಿಳಿ ಪೆಟ್ಟಿಗೆ, ಮೇಜುಗಳ ಮೇಲೆ ಹತ್ತು ಟ್ಯಾಬು. ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳು ಸರದಿಯಲ್ಲಿ ಬಂದು ಮನೆಗೆ ವಿಡಿಯೋ ಕರೆ ಮಾಡಬಹುದು ಎಂದು ಗೊತ್ತುಮಾಡಿದ.

ಮೊದಲ ಭಾನುವಾರ ಹಾಲಿನಲ್ಲಿ ಒಂದು ಸದ್ದಿಲ್ಲ. ಆದರೆ ಹತ್ತು ಮಕ್ಕಳ ಕೈಗಳು ಒಂದೇ ಸಮನೆ ಆಡುತ್ತಿದ್ದವು. ಒಬ್ಬ ಹುಡುಗ ತನ್ನ ಹಲ್ಲು ಬಿದ್ದ ಕತೆಯನ್ನು ಅಪ್ಪನಿಗೆ ಕಾಲು ಗಂಟೆ ಹೇಳಿದ. ಯಾವ ಕಬ್ಬು ಕಚ್ಚುವಾಗ ಬಿತ್ತು, ಯಾರು ನಕ್ಕರು, ಹಲ್ಲನ್ನು ಎಲ್ಲಿ ಎಸೆದ, ಒಂದನ್ನೂ ಬಿಡಲಿಲ್ಲ. ಅಡುಗೆಯವರು ಬಾಗಿಲಲ್ಲಿ ನಿಂತು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಖ್ಯೋಪಾಧ್ಯಾಯನಿಗೆ ಆ ಮಧ್ಯಾಹ್ನ ಊಟವೇ ಬೇಕಾಗಲಿಲ್ಲ. ಅಷ್ಟು ಸಂತೋಷವಾಗಿತ್ತು ಅವನಿಗೆ.

ಶಾಲೆ ಬೆಳೆಯಿತು. ಮೂವತ್ತು ಮಕ್ಕಳಿದ್ದದ್ದು ನೂರಾಯಿತು. ಹತ್ತು ಟ್ಯಾಬು ಮೂವತ್ತಾಯಿತು. ಆಫೀಸಿನ ಕಂಪ್ಯೂಟರುಗಳೂ ಅದೇ ಪೆಟ್ಟಿಗೆಯನ್ನು ನೆಚ್ಚಿಕೊಂಡವು. ಒಂದೇ ಪೆಟ್ಟಿಗೆ ಎಷ್ಟು ಜನಕ್ಕೆ ಉತ್ತರ ಕೊಟ್ಟೀತು? ಚಿತ್ರ ನಿಂತು ನಿಂತು ಬರತೊಡಗಿತು.

ನಮಗೆ ಚಿತ್ರ ನಿಂತರೆ ಏನೂ ಆಗುವುದಿಲ್ಲ. ದನಿ ಬರುತ್ತಿರುತ್ತದೆ, ಹೂಂ ಹೇಳು ಹೇಳು ಎನ್ನುತ್ತೇವೆ. ಅವರಿಗೆ ಚಿತ್ರ ನಿಂತರೆ ಬಾಯಿ ಕಟ್ಟಿದಂತೆ. ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಮತ್ತೆ ಚಿತ್ರ ಓಡುವ ಹೊತ್ತಿಗೆ ನಡುವಿನ ಮೂರು ಮಾತು ಹೋಗಿರುತ್ತಿದ್ದವು. ಒಂದು ಮಗು ತಾಯಿಗೆ, ಜ್ವರ ಬಂದಿತ್ತು, ಈಗ ಬಿಟ್ಟಿದೆ ಎಂದು ಹೇಳಿತು. ತಾಯಿಗೆ ಜ್ವರ ಮಾತ್ರ ಕಂಡಿತು. ಅವಳು ಗಾಬರಿಬಿದ್ದು ಸಿಕ್ಕ ಬಸ್ಸು ಹತ್ತಿ ಬಂದೇಬಿಟ್ಟಳು. ಬಂದು ನೋಡಿದರೆ ಮಗು ಅಂಗಳದಲ್ಲಿ ಆಡುತ್ತಿದೆ. ಪಾಪ, ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶಾಲೆಯ ಕಂಪ್ಯೂಟರು, ವೈಫೈ ಎಲ್ಲವನ್ನೂ ನೋಡಿಕೊಳ್ಳುವುದಕ್ಕೆ ಒಬ್ಬ ಶಿಕ್ಷಕಿ ಇದ್ದಳು. ಕೆಲಸ ಬಲ್ಲವಳು. ಅವಳು ಮುಖ್ಯೋಪಾಧ್ಯಾಯನ ಬಳಿಗೆ ಹೋಗಿ, "ಸಾರ್, ಈ ಪೆಟ್ಟಿಗೆ ಬದಲಿಸಬೇಕು. ಇದು ಸರದಿಯ ಮೇಲೆ ಒಬ್ಬೊಬ್ಬರ ಜೊತೆ ಮಾತಾಡುವಂಥದ್ದು. ಹೊಸ ತಲೆಮಾರಿನದು ಹಲವರ ಜೊತೆ ಒಟ್ಟಿಗೆ ಮಾತಾಡುತ್ತದೆ. ಗುಂಪು ಸೇರಿದರೂ ತಡವರಿಸುವುದಿಲ್ಲ" ಎಂದಳು.

"ಅದಕ್ಕಿಂತ ಹೊಸದು ಬರುವುದಿದೆಯೇ?" ಎಂದು ಅವನು ಕೇಳಿದ.

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇದೆ ಸಾರ್. ಎರಡು ವರ್ಷ ಹಿಡಿಯಬಹುದು" ಎಂದಳು.

"ಹಾಗಾದರೆ ಎರಡು ವರ್ಷ ತಡೆಯೋಣ. ಹಾಕಿಸುವುದೇ ಆದರೆ ಒಂದೇ ಸಲ ಒಳ್ಳೆಯದನ್ನು ಹಾಕಿಸೋಣ" ಎಂದ.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ನೀನು ಈಗ ತಾನೇ ಬಂದು ಹೇಳಿದ್ದೂ ಇದನ್ನೇ.

ಶಿಕ್ಷಕಿ ಕೈ ಕಟ್ಟಿ ಕೂರಲಿಲ್ಲ. ಚಿತ್ರ ನಿಲ್ಲದಿರಲಿ ಎಂದು ಅದರ ಸ್ಪಷ್ಟತೆಯನ್ನು ಇಳಿಸಿದಳು. ನಿಲ್ಲುವುದು ಸ್ವಲ್ಪ ಕಡಿಮೆಯಾಯಿತು. ತಾಯಂದಿರ ಮುಖ ಮಸುಕಾಯಿತು. ಕೈ ಕಂಡರೆ ಸಾಕಲ್ಲ, ಮುಖ ಹೇಗಿದ್ದರೇನು ಎಂದುಕೊಂಡರು. ಹಾಲಿನ ಬಾಗಿಲ ಬಳಿ ಒಂದು ದೂರು ಪುಸ್ತಕವನ್ನೂ ಇಟ್ಟಳು. ತೊಂದರೆಯಾದವರು ಅದರಲ್ಲಿ ಬರೆಯಬೇಕು. ಮಕ್ಕಳು ಬರೆದರು. ಆ ವರ್ಷ ಪುಸ್ತಕ ತುಂಬಿ ಇನ್ನೊಂದನ್ನು ತರಬೇಕಾಯಿತು. ಒಂದು ಮಗು ಅಕ್ಷರ ಬಾರದೆ, ಬರೀ ಒಂದು ಕೈಯ ಚಿತ್ರ ಬರೆದು ಅದರ ಮೇಲೆ ಗೀಟು ಹಾಕಿತ್ತು.

ಎರಡು ವರ್ಷ ಕಳೆಯಿತು. ಹೇಳಿದ ಹಾಗೆ ಹೊಸದು ಬಂತು. ಶಿಕ್ಷಕಿ ಮತ್ತೆ ಹೋದಳು. ಈಗ ಇನ್ನೊಂದು ತೊಡಕು. ಶಾಲೆಯ ಟ್ಯಾಬುಗಳು ಹಳೆಯವು. ಹೊಸ ಪೆಟ್ಟಿಗೆಯ ಮಾತು ಅವುಗಳಿಗೆ ಪೂರ್ತಿ ತಿಳಿಯುವುದಿಲ್ಲ. ಪೆಟ್ಟಿಗೆ ಬದಲಿಸಿದರೆ ಟ್ಯಾಬುಗಳನ್ನೂ ಬದಲಿಸಬೇಕು. ಮುಖ್ಯೋಪಾಧ್ಯಾಯ ಯೋಚಿಸಿದ. ಟ್ಯಾಬುಗಳು ಹೇಗೂ ಇನ್ನೆರಡು ವರ್ಷದಲ್ಲಿ ಕೆಡುತ್ತವೆ, ಆಗ ಎರಡನ್ನೂ ಒಟ್ಟಿಗೆ ಬದಲಿಸಬಹುದು ಎಂದುಕೊಂಡ. ಆದರೂ ಮಕ್ಕಳಿಗೆ ತೊಂದರೆಯಾಗಬಾರದಲ್ಲ. ಅದಕ್ಕಾಗಿ, "ಈ ವರ್ಷ ದೂರು ಎಷ್ಟು ಬಂದಿದೆ?" ಎಂದು ಕೇಳಿದ.

ಅವಳು ಪುಸ್ತಕ ತಂದು ತೆರೆದಳು. ಇಡೀ ವರ್ಷಕ್ಕೆ ನಾಲ್ಕೇ ಪುಟ ಬರೆದಿತ್ತು. ಇಬ್ಬರಿಗೂ ಆಶ್ಚರ್ಯವಾಯಿತು.

"ಮಕ್ಕಳು ಎಷ್ಟು ಹೊತ್ತು ಮಾತಾಡುತ್ತಾರೆ?"

ಅದೂ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಮೊದಲು ಒಂದೊಂದು ಕರೆ ಇಪ್ಪತ್ತು ನಿಮಿಷ ಇರುತ್ತಿತ್ತು. ಈಗ ಎರಡು ನಿಮಿಷಕ್ಕೆ ಇಳಿದಿತ್ತು. ಮುಖ್ಯೋಪಾಧ್ಯಾಯನ ಮುಖ ಅರಳಿತು. "ನೋಡಿದಿರಾ, ಭಾರ ಇಳಿದಿದೆ. ಪೆಟ್ಟಿಗೆ ಸುಧಾರಿಸಿಕೊಂಡಿದೆ. ಸುಮ್ಮನೆ ಯಾಕೆ ಅವಸರ?" ಎಂದ. ಶಿಕ್ಷಕಿಯೂ ಗೋಣು ಹಾಕಿದಳು. ತಾನು ಚಿತ್ರದ ಸ್ಪಷ್ಟತೆ ಇಳಿಸಿದ್ದೇ ಮದ್ದಾಯಿತು ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಪೆಟ್ಟಿಗೆ ಸುಧಾರಿಸಿಕೊಂಡಿತಂತೆ. ಅದೇನು ಬಾಣಂತಿಯೇ, ದಿನ ಕಳೆದ ಹಾಗೆ ಸುಧಾರಿಸಿಕೊಳ್ಳಲು? ಓದಿದವರೇ ಇಬ್ಬರೂ. ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ನನಗೆ ಅವರ ಮೇಲೆ ಸಿಟ್ಟು ಬರುವುದು ಇಲ್ಲೇ.

ಆದದ್ದು ಬೇರೆ. ಮಕ್ಕಳು ಒಂದು ಹೊಸ ಮಾತು ಮಾಡಿಕೊಂಡಿದ್ದರು. ಭಾನುವಾರದ ಕೈ ಎಂದು ಅದಕ್ಕೆ ಹೆಸರು. ಎರಡೂ ಕೈ ಬೀಸಿ ಆಡುವ ಮಾತು ಒಡೆದು ಹೋಗುತ್ತದೆ ಎಂದು ಒಂದೇ ಕೈಯಲ್ಲಿ, ಎದೆಯ ಮುಂದೆ, ಅಲ್ಲಾಡಿಸದೆ ಹಿಡಿಯುವ ಸಂಜ್ಞೆಗಳು. ಒಂದು ಸಂಜ್ಞೆ ಮಾಡಿ ಐದು ಎಣಿಸುವವರೆಗೆ ಹಾಗೇ ಹಿಡಿದಿರಬೇಕು. ಆಗ ಚಿತ್ರ ನಿಂತರೂ ಮಾತು ಉಳಿಯುತ್ತದೆ. ಅಂಥವು ಎಂಟೋ ಹತ್ತೋ ಇದ್ದವು. ಊಟ ಆಯಿತು. ಚೆನ್ನಾಗಿದ್ದೇನೆ. ಚೆನ್ನಾಗಿದ್ದೀಯಾ. ಪರೀಕ್ಷೆ. ರಜೆ. ಬಾ. ಬರುತ್ತೇನೆ. ಜ್ವರಕ್ಕೆ ಸಂಜ್ಞೆ ಇರಲಿಲ್ಲ. ಅದನ್ನು ಹೇಳಬಾರದು, ಅಮ್ಮ ಹೆದರಿ ಬಸ್ಸು ಹತ್ತುತ್ತಾಳೆ ಎಂದು ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಜಗಳ ಆಡಿದ್ದು, ಕನಸು ಬಿದ್ದದ್ದು, ಹಲ್ಲು ಬಿದ್ದದ್ದು, ಯಾವುದಕ್ಕೂ ಸಂಜ್ಞೆ ಇರಲಿಲ್ಲ. ಹೊಸದಾಗಿ ಶಾಲೆಗೆ ಸೇರಿದ ಮಗು ಮೊದಲ ವಾರವೇ ಈ ಪಾಠ ಕಲಿಯುತ್ತಿತ್ತು. ಮನೆಯವರೂ ಮಕ್ಕಳನ್ನು ನೋಡಿ ಕಲಿತರು. ಹೇಳುವುದನ್ನೆಲ್ಲ ಹೇಳಿ ಮುಗಿಸಲು ಎರಡು ನಿಮಿಷ ಸಾಕಾಗುತ್ತಿತ್ತು.

ಶಿಕ್ಷಕರು ಇದನ್ನು ನೋಡಿರಲಿಲ್ಲ ಎಂದಲ್ಲ. ನೋಡಿ ಮೆಚ್ಚಿಕೊಂಡಿದ್ದರು. ಮಕ್ಕಳು ಎಷ್ಟು ಜಾಣರು ನೋಡಿ ಎಂದು ಬಂದ ಅತಿಥಿಗಳಿಗೆ ಮಾಡಿಸಿ ತೋರಿಸುತ್ತಿದ್ದರು. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಆ ಶಾಲೆಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿ ಇದ್ದಳು. ಉಳಿದ ಮಕ್ಕಳ ತಂದೆತಾಯಿಗೆ ಕಿವಿ ಕೇಳುತ್ತಿತ್ತು. ಇವಳ ತಾಯಿಗೂ ಕೇಳುತ್ತಿರಲಿಲ್ಲ. ತಂದೆ ಇರಲಿಲ್ಲ. ತಾಯಿ ತನ್ನ ಅಣ್ಣನ ಮನೆಯಲ್ಲಿದ್ದುಕೊಂಡು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಅವಳು ಶಾಲೆಯ ಮುಖ ಕಂಡವಳಲ್ಲ, ಓದುಬರಹ ಇಲ್ಲ. ಅವಳ ಕೈಮಾತು ಯಾವ ಪುಸ್ತಕದಲ್ಲೂ ಇರುವುದಲ್ಲ. ತಾಯಿ ಮಗಳು ಸೇರಿ ಒಲೆಯ ಮುಂದೆ, ಹಾಸಿಗೆಯಲ್ಲಿ, ದಾರಿಯಲ್ಲಿ ಕಟ್ಟಿಕೊಂಡದ್ದು. ಜಗತ್ತಿನಲ್ಲಿ ಅದನ್ನು ಪೂರ್ತಿ ಬಲ್ಲವರು ಆ ಇಬ್ಬರೇ. ಅಣ್ಣನಿಗೆ ಬರುತ್ತಿದ್ದದ್ದು ಉಪ್ಪು ಬೇಕು, ನೀರು ಬೇಕು ಅನ್ನುವಷ್ಟು. ಹಾಗಾಗಿ ತಾಯಿಗೆ ಮನಸ್ಸು ಬಿಚ್ಚಿ ಮಾತಾಡಲು ಮಗಳೊಬ್ಬಳೇ ಇದ್ದಳು.

ಅವರಿಬ್ಬರ ಮಾತು ದೊಡ್ಡದು. ಎರಡೂ ಕೈ ಬೇಕು, ಹುಬ್ಬು ಬೇಕು, ಭುಜ ಬೇಕು. ಅದು ಆ ಪೆಟ್ಟಿಗೆಯಲ್ಲಿ ಹಿಡಿಸುವುದು ಹೇಗೆ? ಎಲ್ಲ ಮಕ್ಕಳಿಗಿಂತ ಮೊದಲು ಒಡೆಯುತ್ತಿದ್ದದ್ದು ಇವರ ಮಾತು. ಹುಡುಗಿ ತಾಯಿಗೂ ಭಾನುವಾರದ ಕೈ ಕಲಿಸಿದಳು. ದಸರೆ ರಜೆಯಲ್ಲಿ ಮನೆಗೆ ಹೋದಾಗ ಕೂರಿಸಿಕೊಂಡು, ಐದು ಎಣಿಸುವುದನ್ನು ಹೇಳಿಕೊಟ್ಟು, ತಪ್ಪಿದರೆ ಕೈ ಮೇಲೆ ಹೊಡೆದು ಕಲಿಸಿದಳು. ತಾಯಿ ನಗುತ್ತಾ ಕಲಿತಳು. ಆಗಲೇ ಅವಳಿಗೆ ಸಣ್ಣಗೆ ಕೆಮ್ಮು ಇತ್ತು. ಭಟ್ಟಿಯ ಹೊಗೆಯಲ್ಲಿ ದುಡಿಯುವವರಿಗೆ ಅದು ಹೊಸದಲ್ಲ ಎಂದು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೀಪಾವಳಿ ಕಳೆದ ಮೇಲೆ ಕೆಮ್ಮು ಬಲಿಯಿತು. ಅಣ್ಣ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಎದೆ ಪೂರ್ತಿ ಕೆಟ್ಟಿದೆ, ಹೆಚ್ಚು ದಿನ ಇಲ್ಲ ಎಂದರು. ಎಕ್ಸ್‌ರೇ ತೋರಿಸಿ, ಕೈಸನ್ನೆ ಮಾಡಿ ಅವಳಿಗೂ ತಿಳಿಯುವ ಹಾಗೆ ಹೇಳಿದರು.

ಮುಂದಿನ ಭಾನುವಾರ ತಾಯಿ ಫೋನಿನ ಮುಂದೆ ಕೂತು ಎರಡೂ ಕೈ ಎತ್ತಿದಳು. ಚಿತ್ರ ನಿಂತಿತು. ಮತ್ತೆ ಓಡುವ ಹೊತ್ತಿಗೆ ಅವಳು ಕೈ ಇಳಿಸಿ ಮಗಳ ಮುಖ ನೋಡುತ್ತಿದ್ದಳು. ಏನು ಎಂದು ಮಗಳು ಕೇಳಿದಳು. ತಾಯಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ನಿಂತಿತು. ಹುಡುಗಿಯ ಹಿಂದೆ ಸರದಿಯಲ್ಲಿ ಮೂರು ಮಕ್ಕಳು ಕಾಯುತ್ತಿದ್ದರು. ಅವಳು ಒಂದು ಕೈ ಎದೆಯ ಮುಂದೆ ಹಿಡಿದು, ಚೆನ್ನಾಗಿದ್ದೀಯಾ ಎಂದು ಕೇಳಿ ಐದು ಎಣಿಸಿದಳು. ತಾಯಿ ಎತ್ತಿದ್ದ ಎರಡೂ ಕೈಗಳನ್ನು ಮಡಿಲಿಗೆ ಇಳಿಸಿದಳು. ಆಮೇಲೆ ತಾನೂ ಒಂದು ಕೈ ಹಿಡಿದು, ಚೆನ್ನಾಗಿದ್ದೇನೆ ಎಂದಳು. ಊಟ ಆಯಿತಾ ಎಂದಳು. ಆಯಿತು ಎಂದಳು ಮಗಳು. ರಜೆಗೆ ಬರುತ್ತೇನೆ ಎಂದಳು. ಬಾ ಎಂದಳು ತಾಯಿ.

ಅಲ್ಲಿಂದ ಮುಂದೆ ಮೂರು ತಿಂಗಳು, ಪ್ರತಿ ಭಾನುವಾರ, ಇಷ್ಟೇ ಮಾತು. ಚಿತ್ರ ಮಸುಕಾಗಿದ್ದರಿಂದ ತಾಯಿಯ ಕೆನ್ನೆ ಒಳಗೆ ಹೋದದ್ದೂ ಹುಡುಗಿಗೆ ಕಾಣಲಿಲ್ಲ. ಮಾವನಿಗೆ, ಅಂದರೆ ತಾಯಿಯ ಅಣ್ಣನಿಗೆ, ಶಾಲೆಗೆ ಸುದ್ದಿ ಕೊಡಬೇಕು ಎಂದು ಅನ್ನಿಸಲಿಲ್ಲ. ವಾರವಾರವೂ ತಾಯಿಮಗಳು ಮಾತಾಡುತ್ತಾರಲ್ಲ, ಹೇಳಿರುತ್ತಾಳೆ ಎಂದುಕೊಂಡ. ಶಾಲೆಯವರೂ ಹಾಗೆಯೇ, ಮನೆಯಲ್ಲಿ ಏನಾದರೂ ಇದ್ದರೆ ಮಗುವಿಗೆ ಗೊತ್ತಿರುತ್ತದೆ, ನಮಗೆ ಹೇಳುತ್ತಾಳೆ ಎಂದುಕೊಂಡಿದ್ದರು.

ಶಿವರಾತ್ರಿ ಕಳೆದು ಮೂರನೆಯ ದಿನ ತಾಯಿ ತೀರಿಕೊಂಡಳು. ಬೇಸಿಗೆ ರಜೆಗೆ ಇನ್ನೂ ಒಂದು ತಿಂಗಳಿತ್ತು.

ಸುದ್ದಿ ಬಂದಾಗ ಮುಖ್ಯೋಪಾಧ್ಯಾಯ ತಾನೇ ಹುಡುಗಿಯನ್ನು ಕರೆದುಕೊಂಡು ಹೋದ. ಮಣ್ಣು ಮಾಡಿ ಬಂದ ಮೇಲೆ ಮಾವ ಅವನಿಗೆ ಕುಡಿಯಲು ನೀರು ಕೊಟ್ಟು ಪಕ್ಕದಲ್ಲಿ ಕೂತ.

"ಇಷ್ಟು ಕಾಯಿಲೆ ಇದ್ದದ್ದನ್ನು ನಮಗೆ ಒಂದು ಮಾತು ತಿಳಿಸಬಾರದಿತ್ತೇ?" ಎಂದು ಮುಖ್ಯೋಪಾಧ್ಯಾಯ ಕೇಳಿದ.

ಮಾವ ಅವನ ಮುಖ ನೋಡಿದ. "ಏನು ಮೇಷ್ಟ್ರೇ ಹೀಗೆ ಕೇಳ್ತೀರಿ? ಮಗಳಿಗೆ ಅವಳೇ ಎಲ್ಲ ಹೇಳಿದ್ದಾಳಲ್ಲ. ಭಾನುವಾರ ಬಂದರೆ ನನ್ನ ಫೋನು ಇಸಕೊಂಡು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟುಕೊಂಡು ಕೂರೋಳು. ಕೊನೆಕೊನೆಗೆ ಕೂರಕ್ಕೂ ಆಗ್ತಿರಲಿಲ್ಲ, ಗೋಡೆಗೆ ಒರಗಿಕೊಂಡು ಮಾತಾಡೋಳು. ಒಂದೊಂದು ಸಲ ಒಂದು ಗಂಟೆ ಆದರೂ ಮುಗೀತಿರಲಿಲ್ಲ. ಅಳೋಳು, ನಗೋಳು. ನಾನು ಒಳಗೆ ಹೋಗಿ ತೊಂದರೆ ಕೊಡಬಾರದು ಅಂತ ಹೊರಗೇ ಇರ್ತಿದ್ದೆ" ಎಂದ.

ಮುಖ್ಯೋಪಾಧ್ಯಾಯನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ಉಳಿಯಿತು. ಕರೆ ಎಷ್ಟು ಹೊತ್ತಿನದು ಎಂಬುದು ಅವನಿಗೆ ಗೊತ್ತಿತ್ತು. ಅವನೇ ನೋಡಿ ಸಂತೋಷಪಟ್ಟಿದ್ದ. ಎರಡು ನಿಮಿಷ. ಆಮೇಲೆ ಆ ತಾಯಿ ಯಾರೂ ಇಲ್ಲದ ಫೋನಿನ ಮುಂದೆ ಕೂತು ಹೇಳಬೇಕಾದದ್ದನ್ನೆಲ್ಲ ಹೇಳಿದ್ದಳು.

ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಓಂಕಾರಯ್ಯ. ಸ್ವಲ್ಪ ತಡಿ.

ಹುಡುಗಿ ಅಲ್ಲೇ ಇದ್ದಳು. ಇಬ್ಬರ ಮುಖ ನೋಡಿ ಏನೋ ಇದೆ ಎಂದು ತಿಳಿದುಕೊಂಡು, ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ಅವನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಮಾವ ಹೇಳಿದ್ದನ್ನು ಕೈಯಲ್ಲಿ ಹೇಳಿದ. ಅವಳು ಪೂರ್ತಿ ನೋಡಿದಳು. ಆಮೇಲೆ, ಅಮ್ಮ ಆ ಒಂದು ಗಂಟೆ ಏನು ಹೇಳಿದಳು ಎಂದು ಕೇಳಿದಳು.

ಅವನು ಮಾವನ ಕಡೆ ತಿರುಗಿ ಅದನ್ನೇ ಕೇಳಿದ. "ನನಗೆ ಅವಳ ಮಾತು ಅಷ್ಟೆಲ್ಲ ಎಲ್ಲಿ ಬರ್ತದೆ ಮೇಷ್ಟ್ರೇ" ಎಂದು ಮಾವ ತಲೆ ತಗ್ಗಿಸಿದ. ಮುಖ್ಯೋಪಾಧ್ಯಾಯ ಹುಡುಗಿಗೆ, ಗೊತ್ತಿಲ್ಲ ಎಂದು ಹೇಳಬೇಕಾಯಿತು. ಅವಳು ಇನ್ನೊಂದು ಸಲ ಕೇಳಿದಳು. ಅವನು ಇನ್ನೊಂದು ಸಲ ಗೊತ್ತಿಲ್ಲ ಎಂದ. ಮೂರನೆಯ ಸಲ ಅವಳು ಕೇಳಲಿಲ್ಲ.

ಶಾಲೆಗೆ ಮರಳಿದ ವಾರದಲ್ಲೇ ಅವನು ಹಳೆಯ ಪೆಟ್ಟಿಗೆ ಕಿತ್ತುಹಾಕಿಸಿದ. ಅದಕ್ಕಿಂತ ಹೊಸದು ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ಟ್ಯಾಬು ಕೆಡಲಿ ಎಂದು ಕಾಯದೆ ಅವನ್ನೂ ಬದಲಿಸಿದ. ಅಂದು ಸಿಕ್ಕಿದ್ದರಲ್ಲಿ ಹೊಸದನ್ನು ತಂದು ಹಾಲಿಗೆ ನಾಲ್ಕು ಪೆಟ್ಟಿಗೆ ಹಾಕಿಸಿದ. ಶಿಕ್ಷಕಿ ಹಗಲೆಲ್ಲ ಏಣಿಯ ಮೇಲೇ ಇದ್ದಳು. ಭಾನುವಾರದ ಹೊತ್ತಿಗೆ ಎಲ್ಲ ಸಿದ್ಧವಾಯಿತು.

ಚಿತ್ರ ಹೇಗೆ ಬಂತು ಅಂತೀಯ, ತಾಯಂದಿರ ಕೊರಳ ಸರದ ಮಣಿ ಎಣಿಸಬಹುದಿತ್ತು. ಮೂವತ್ತು ಮಕ್ಕಳು ಒಟ್ಟಿಗೆ ಕೂತರೂ ಒಂದು ಕಡೆಯೂ ನಿಲ್ಲಲಿಲ್ಲ. ಮಕ್ಕಳು ಒಂದು ಕೈ ಎದೆಯ ಮುಂದೆ ಹಿಡಿದು ಊಟ ಆಯಿತು ಎಂದರು. ಐದು ಎಣಿಸಿದರು. ಚೆನ್ನಾಗಿದ್ದೇನೆ ಎಂದರು. ಐದು ಎಣಿಸಿದರು. ಎರಡು ನಿಮಿಷಕ್ಕೆ ಕರೆ ಮುಗಿಸಿ, ಎದ್ದು, ಸಾಲು ಬಿಟ್ಟುಕೊಟ್ಟರು.

ಮುಖ್ಯೋಪಾಧ್ಯಾಯ ಮೇಜಿನಿಂದ ಮೇಜಿಗೆ ಓಡಾಡಿದ. ಮಾತಾಡಿ, ಈಗ ಒಡೆಯುವುದಿಲ್ಲ, ಎಷ್ಟು ಹೊತ್ತಾದರೂ ಮಾತಾಡಿ ಎಂದು ಎರಡೂ ಕೈಯಲ್ಲಿ ಹೇಳಿದ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷದ ಹಿಂದೆ ಶಾಲೆಗೆ ಸೇರಿದ್ದ ಒಂದು ಪುಟ್ಟ ಮಗು ಅವನ ಅಂಗಿ ಜಗ್ಗಿ, ಏನು ಮಾತಾಡಬೇಕು ಎಂದು ಕೇಳಿತು. ಆ ಮಗು ಯಾರೂ ಮನೆಯವರ ಜೊತೆ ಹೆಚ್ಚು ಹೊತ್ತು ಮಾತಾಡಿದ್ದನ್ನು ನೋಡಿಯೇ ಇರಲಿಲ್ಲ.

ಸಂಜೆ ಶಿಕ್ಷಕಿ ಬಂದು, "ಸಾರ್, ಹೊಸ ಪೆಟ್ಟಿಗೆಗಳಿಗೆ ಕೆಲಸವೇ ಇಲ್ಲ. ಎಲ್ಲ ಖಾಲಿ ಇವೆ" ಎಂದಳು. ಅವಳು ಅಲ್ಲೇ ನಿಂತು ಅತ್ತಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗಿತ್ತು.

ಓಂಕಾರಯ್ಯ, "ಹಾಗಾದರೆ ಬುದ್ಧಿ, ಶಿಕ್ಷಕಿ ಮೊದಲ ಸಲ ಕೇಳಿದಾಗಲೇ ಬದಲಿಸಬೇಕಿತ್ತು" ಎಂದ.

"ಬದಲಿಸಿದ್ದರೆ ಅದೂ ಈಗ ಹಳೆಯದಾಗಿರುತ್ತಿತ್ತು. ಮತ್ತೆ ಇದೇ ಪ್ರಶ್ನೆ ಹುಟ್ಟುತ್ತಿತ್ತು. ಪೆಟ್ಟಿಗೆ ಹಳೆಯದಾಗುವುದು ಪೆಟ್ಟಿಗೆಯ ತಪ್ಪಲ್ಲ. ಹೊಸದು ಬರುತ್ತಲೇ ಇರುವುದು ಅಂಗಡಿಯವನ ತಪ್ಪೂ ಅಲ್ಲ."

"ಮತ್ತೆ ತಪ್ಪಿದ್ದು ಎಲ್ಲಿ?"

"ಅವನು ಪೆಟ್ಟಿಗೆಯನ್ನು ನೋಡುತ್ತಿದ್ದ, ಪುಸ್ತಕವನ್ನು ನೋಡುತ್ತಿದ್ದ. ಭಾನುವಾರ ಬೆಳಿಗ್ಗೆ ಒಂದು ಮಗುವಿನ ಬೆನ್ನ ಹಿಂದೆ ನಿಂತು, ಇವತ್ತು ಅಮ್ಮನಿಗೆ ಏನು ಹೇಳದೆ ಬಿಟ್ಟೆ ಎಂದು ಕೇಳಲಿಲ್ಲ. ಅಷ್ಟೇ."

ಓಂಕಾರಯ್ಯನಿಗೆ ಮನಸ್ಸು ಭಾರವಾಗಿತ್ತು. ಆದರೂ ಸಂಸ್ಥೆಗಳ ಜವಾಬ್ದಾರಿ ಹೊತ್ತವನು. ತನ್ನ ಕಡೆಯ ಮಾತನ್ನೂ ಹೇಳಿಬಿಡಬೇಕು ಎನ್ನಿಸಿತು. "ದೇವರ ದಯೆ, ನಮ್ಮಲ್ಲಿ ಅಂಥದ್ದೇನೂ ಇಲ್ಲ ಬುದ್ಧಿ. ಮೊದಲೆಲ್ಲ ಹುಡುಗರು ವೈಫೈ ಸರಿಯಿಲ್ಲ ಎಂದು ನನ್ನ ಕೋಣೆಯ ಮುಂದೆ ಬಂದು ನಿಲ್ಲುತ್ತಿದ್ದರು. ಈಗ ಎರಡು ವರ್ಷದಿಂದ ಒಂದೇ ಒಂದು ದೂರೂ ಬಂದಿಲ್ಲ" ಎಂದ.

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ಹಾಗಾದರೆ ಅವರು ನಿನ್ನ ಮೇಲಿನ ಆಸೆ ಬಿಟ್ಟು ಎರಡು ವರ್ಷವಾಯಿತು" ಎಂದರು.